ಬೀಗರ ಕಿವಿ

ಯಂತ್ರ ನಮ್ಮೂರಿಗೆ ಬಂದ ದಿನ ನಮ್ಮ ಅತ್ತೆ ಅದಕ್ಕೆ ಆರತಿ ಎತ್ತಿದರು. ಕುಂಕುಮ ಹಚ್ಚಲು ಅದರ ಹಣೆ ಎಲ್ಲಿದೆ ಎಂದು ಸುತ್ತಲೂ ಹುಡುಕಿ, ಸಿಗದೆ, ಕೊನೆಗೆ ಪ್ಲಗ್ಗಿನ ಮೇಲೆ ಹಚ್ಚಿದರು.

"ಅಮ್ಮಾ, ಅಲ್ಲಿ ಕರೆಂಟ್ ಹರೀತದೆ ಕನಮ್ಮ, ವಸಿ ಹುಷಾರು!" ಎಂದು ಯಂತ್ರದ ಜೊತೆ ಬಂದಿದ್ದ ಎಂಜಿನಿಯರ್ ಮಾದೇಶ ಕೂಗಿಕೊಂಡ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದನ್ನು ಕೊಳ್ಳೇಗಾಲದ ಕಡೆಯ ಹುಡುಗನಿಂದ ಕಲಿಯುವ ಪೈಕಿ ಅವರಲ್ಲ.

ನಾನು ಸುವರ್ಣಾ. ಕಲ್ಲಗುಂದಿಯ ಆರೋಗ್ಯ ಕೇಂದ್ರದಲ್ಲಿ ನನ್ನ ಹುದ್ದೆಯ ಹೆಸರು ಲೇಖನ ಶೋಧಕಿ. ಆಗ ಪ್ರತಿ ಕೇಂದ್ರದಲ್ಲೂ ಇಂಥ ಒಬ್ಬರು ಇರಲೇಬೇಕೆಂಬ ನಿಯಮ ಬಂದಿತ್ತು. ಊರಿನ ಆರೋಗ್ಯಕ್ಕಾಗಿ ಏನೇ ಕಾರ್ಯಕ್ರಮ ಹಾಕಿಕೊಳ್ಳಲಿ, ಅದು ಎಲ್ಲಾದರೂ ಫಲ ಕೊಟ್ಟಿದೆ ಎಂದು ಹೇಳುವ ಸಂಶೋಧನಾ ಲೇಖನವೊಂದನ್ನು ಹುಡುಕಿ ತೋರಿಸಬೇಕು. ಕೇಳಲಿಕ್ಕೆ ಚೆನ್ನಾಗಿಯೇ ಇದೆ. ಆದರೆ 'ಸಮುದಾಯ ಆರೋಗ್ಯ' ಎಂದು ಹುಡುಕಿದರೆ ಲಕ್ಷಗಟ್ಟಲೆ ಲೇಖನಗಳು ಬಂದು ಮೈಮೇಲೆ ಬೀಳುತ್ತಿದ್ದವು. ಒಂದರಲ್ಲಿ ಸಮುದಾಯವೆಂದರೆ ಹಡಗಿನ ನೌಕರರು, ಇನ್ನೊಂದರಲ್ಲಿ ಒಂದೇ ಈಜುಕೊಳಕ್ಕೆ ಹೋಗುವ ನಿವೃತ್ತ ವಕೀಲರು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ದಿನವಿಡೀ ಕುಪ್ಪಸದ ಖಣ ನೇಯುವ, ನೇಯುತ್ತಲೇ ಆರೇಳು ಸಲ ಪಾನಕದಂಥ ಚಹಾ ಕುಡಿಯುವ ಜನರ ಬಗ್ಗೆ ಯಾವ ಪುಣ್ಯಾತ್ಮನೂ ಒಂದು ಸಾಲು ಬರೆದಿರಲಿಲ್ಲ. ಬರೆದವರೆಲ್ಲ ಕೊನೆಗೆ ಒಂದೇ ಮಾತು ಹೇಳಿ ಎದ್ದುಹೋಗಿದ್ದರು: 'ಈ ವಿಷಯದಲ್ಲಿ ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ.' ಆ ಸಾಲು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹಸಿದು ಬಂದವನಿಗೆ, ಅಡುಗೆ ಬಗ್ಗೆ ಇನ್ನೂ ವಿಚಾರ ಮಾಡಬೇಕು ಎಂದಂತೆ.

ಈ ತಲೆನೋವಿಗೆ ಮದ್ದಾಗಿ ಬಂದದ್ದೇ ಈ ಯಂತ್ರ. ಅದರ ಹೆಸರು 'ಅವಳಿ'. ಅದು ಪದಗಳನ್ನು ಹಿಡಿದು ಹುಡುಕುವುದಿಲ್ಲ, ಬದುಕಿನ ಲಯವನ್ನು ಹಿಡಿದು ಹುಡುಕುತ್ತದೆ. ಊರಿನ ಓಣಿಗಳಲ್ಲಿ ಗಂಟೆಯಾಕಾರದ ಸಣ್ಣ ಪೆಟ್ಟಿಗೆಗಳನ್ನು ತೂಗುಹಾಕುತ್ತಾರೆ. ಅವು ಯಾರ ಮಾತನ್ನೂ ಹಿಡಿದಿಡುವುದಿಲ್ಲ. ಜನ ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ನಡೆಯುತ್ತಾರೆ, ಪಾತ್ರೆಗಳ ಸದ್ದು ಯಾವಾಗ, ಊಟ ಒಬ್ಬೊಬ್ಬರೇ ಮಾಡುತ್ತಾರೋ ಕೂಡಿ ಮಾಡುತ್ತಾರೋ, ಇಷ್ಟನ್ನು ಮಾತ್ರ ಅಳೆಯುತ್ತವೆ. ಇನ್ನೊಂದು ಕಡೆ ಯಂತ್ರ ಜಗತ್ತಿನ ಲೇಖನಗಳನ್ನೆಲ್ಲ ಓದಿ ಅವುಗಳಲ್ಲಿ ಬರುವ ಪ್ರತಿ ಊರಿಗೂ ಅಂಥದೇ ಲಯವೊಂದನ್ನು ಕಟ್ಟಿಕೊಂಡಿರುತ್ತದೆ. ಎರಡನ್ನೂ ಹೋಲಿಸಿ, "ನಿಮ್ಮೂರಿನ ಅವಳಿ ಇಲ್ಲಿದೆ, ಅಲ್ಲಿ ಫಲಿಸಿದ್ದು ಇಲ್ಲೂ ಫಲಿಸುತ್ತದೆ" ಎಂದು ಆ ಊರಿನ ಲೇಖನವನ್ನು ತೆಗೆದುಕೊಡುತ್ತದೆ. ಶ್ರಾವಣದಿಂದ ದಸರೆಯವರೆಗೆ ಅದು ನಮ್ಮೂರಲ್ಲಿ ಕಿವಿಗೊಟ್ಟು ಕೂರುವುದೆಂದು ತೀರ್ಮಾನವಾಗಿತ್ತು.

ನಮ್ಮೂರಿಗೆ ಅದರ ಅಗತ್ಯವೂ ಅಷ್ಟೇ ಇತ್ತು. ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆ. ನಮ್ಮ ಮನೆಯಲ್ಲಿ ಆ ಒಬ್ಬರು ಅತ್ತೆ ಶಾಂತವ್ವ.

ಯಂತ್ರ ಬಂದ ವಾರವೇ ನಾನು ಅವರನ್ನು ಹೆಚ್ಚುಕಡಿಮೆ ಎಳೆದುಕೊಂಡು ನಮ್ಮ ಕೇಂದ್ರದ ವೈದ್ಯೆ ಫರ್ಜಾನಾ ನದಾಫರ ಮುಂದೆ ಕೂರಿಸಿದೆ. ಡಾಕ್ಟರು ಬಲಗಾಲಿನ ಹೆಬ್ಬೆರಳಿನ ಪಟ್ಟಿ ಬಿಚ್ಚಿ ನೋಡಿದರು.

"ಶಾಂತವ್ವಾರ, ಈ ಗಾಯ ಯಾವಾಗ ಆಗಿದ್ರಿ?"

"ಮೊನ್ನೆ ಆಗಿದ್ರಿ ಬಾಯಾರ."

"ಯಾವ ಮೊನ್ನೆ?"

"ಯುಗಾದಿ ಮುಂದಿನ ಮೊನ್ನೆ," ಎಂದರು ಅತ್ತೆ, ನೆಲ ನೋಡುತ್ತ.

ಡಾಕ್ಟರು ನಗಲಿಲ್ಲ. "ನೋಡ್ರಿ, ಖರೇ ಹೇಳ್ತೀನಿ. ಔಷಧಾ ನಾ ಕೊಡ್ತೀನಿ, ಆದ್ರ ಸಕ್ಕರಿ ಇಳಿಸೂದು ನಿಮ್ಮ ಕೈಯಾಗ ಐತಿ. ಅದು ಇಳೀಲಿಲ್ಲಂದ್ರ ಈ ಗಾಯ ಮಾಯೂದಿಲ್ಲ. ಸಂಕ್ರಾಂತಿ ತನಕಾ ನೋಡ್ತೀನಿ. ಆಮ್ಯಾಲೆ ದೊಡ್ಡ ದವಾಖಾನಿಗೆ ಕಳಸಬೇಕಾಗ್ತೈತಿ. ಅಲ್ಲೆ ಅವರು ಪಾದಾ ತಗೀತಾರ."

ಅತ್ತೆ ಬಲಗಾಲನ್ನು ಸೀರೆಯೊಳಗೆ ಎಳೆದುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ಬಲಗಾಲು ಹೋದ್ರ ಮಗ್ಗಾ ತುಳಿಯೂದು ಹ್ಯಾಂಗ್ರಿ?" ಎಂದು ಕೇಳಿದರು.

ನನಗೆ ಅತ್ತೆಯೆಂದರೆ ಜೀವ. ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ. ಬೆಳಗಿನ ಜಾವ ಅವರ ಮಗ್ಗದ ಸದ್ದು ಶುರುವಾದ ಮೇಲೆಯೇ ಕಣ್ಣು ಹತ್ತುತ್ತಿತ್ತು. ಆ ಸದ್ದು ನಿಂತುಹೋದ ಮನೆಯನ್ನು ನೆನೆಸಿಕೊಳ್ಳಲೂ ನನ್ನಿಂದ ಆಗುತ್ತಿರಲಿಲ್ಲ. ಈ ಯಂತ್ರ ಹುಡುಕಿಕೊಡುವ ಲೇಖನದಲ್ಲಿ ಅತ್ತೆಯ ಕಾಲು ಇದೆ ಎಂದೇ ನಾನು ನಂಬಿಕೊಂಡೆ.

ಅಂದು ಸಂಜೆ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರಿದ್ದರು. ಕಂಬಕ್ಕೆ ತೂಗುಬಿದ್ದ ಪೆಟ್ಟಿಗೆ ಏನು ಎತ್ತ ಎಂದು ಎಲ್ಲರಿಗೂ ಕುತೂಹಲ. ಲಯ, ಹೋಲಿಕೆ, ಅಂಕಿ ಅಂಶ ಎಂದು ನಾನು ಹೇಳತೊಡಗಿದರೆ ಒಬ್ಬರಾದ ಮೇಲೊಬ್ಬರು ಆಕಳಿಸತೊಡಗಿದರು. ಕೊನೆಗೆ ಬೇಸತ್ತು ನಾನೊಂದು ಉಪಮೆ ಕೊಟ್ಟೆ.

"ಕನ್ಯಾ ನೋಡಾಕ ಬರ್ತಾರಲ್ರಿ, ಹಂಗ ತಿಳ್ಕೊಳ್ರಿ. ನಮ್ಮೂರಿಗೆ ಒಂದು ಜೋಡಿ ಊರು ಹುಡಕಾಕ ಇದು ಬಂದೈತಿ. ನಮ್ಮನ್ನ ನೋಡಿ, ಒಪ್ಪೂವಂಥಾ ಊರು ಎಲ್ಲೈತಿ ಅಂತ ಹೇಳತೈತಿ."

ಆಕಳಿಕೆಗಳೆಲ್ಲ ಒಮ್ಮೆಲೇ ನಿಂತವು. ಅತ್ತೆ ನೆಟ್ಟಗೆ ಕೂತರು.

"ಅಂದ್ರ ಇವು ಬೀಗರ ಕಿವಿ ಅನ್ನು."

"ಹಂಗಲ್ಲ ಅತ್ತಿ, ಸುಮ್ನ ಹೋಲಿಕಿ ಹೇಳಿದೆ..."

"ತಿಳೀತು ಬಿಡವಾ," ಎಂದರು ಅತ್ತೆ. ಉಳಿದವರೂ ತಲೆಯಾಡಿಸಿದರು. ಅಂತೂ ಅರ್ಥವಾಯಿತಲ್ಲ ಎಂದು ನಾನೂ ಹಿಗ್ಗಿದೆ. ಅವರಿಗೆ ನಿಜಕ್ಕೂ ಏನು ಅರ್ಥವಾಗಿತ್ತು ಎಂಬುದು ನನಗೆ ಗೊತ್ತಾದದ್ದು ದಸರೆ ಕಳೆದ ಮೇಲೆ.

ನಮ್ಮ ಕಡೆ ಕನ್ಯೆ ನೋಡಲು ಬರುವ ದಿನ ಮನೆ ಹೇಗಿರುತ್ತದೆಂದು ನಿಮಗೆ ಗೊತ್ತಿರಬೇಕು. ಪಕ್ಕದ ಮನೆಯ ಕುರ್ಚಿಗಳು ಬರುತ್ತವೆ, ಗೋಡೆಗೆ ಸುಣ್ಣ ಬೀಳುತ್ತದೆ, ಬಾಯಿ ಜೋರಿರುವ ಮಾವನನ್ನು ಏನೋ ನೆಪ ಹೇಳಿ ಪೇಟೆಗೆ ಅಟ್ಟುತ್ತಾರೆ. ಒಂದು ದಿನಕ್ಕೆ ಮಾಡುವ ಅಷ್ಟನ್ನೂ ಕಲ್ಲಗುಂದಿಯವರು ಎರಡು ತಿಂಗಳಿಗೂ ಮೀರಿ ಮಾಡಿದರು.

ಪೆಟ್ಟಿಗೆಗೆ ಚಮಚದ ಸದ್ದು ಕೇಳುತ್ತದೆ ಎಂಬ ಸುದ್ದಿ ಮೊದಲು ಹಬ್ಬಿತು. ಸಕ್ಕರೆ ಕಾಯಿಲೆಯ ಊರೆಂದು ಗೊತ್ತಾದರೆ ಯಾವ ಊರು ಒಪ್ಪೀತು? ಹಾಗಾಗಿ ಚಹಾದ ಲೋಟದಲ್ಲಿ ಚಮಚ ಆಡಿಸುವುದು ನಿಂತಿತು. ಕೆಲವರು ಬೆರಳಿನಿಂದ ತಿರುವಿ ಸುಟ್ಟುಕೊಂಡರು. ಆಮೇಲೆ ಸಕ್ಕರೆ ಹಾಕುವುದನ್ನೇ ಬಿಟ್ಟರು. ಹೆಜ್ಜೆಯ ಸದ್ದು ಎಣಿಸುತ್ತದಂತೆ ಎಂದು ಇನ್ನೊಂದು ಸುದ್ದಿ. ಸಂಜೆ ಮಗ್ಗ ಬಿಟ್ಟೆದ್ದವರೆಲ್ಲ ಓಣಿ ಓಣಿಯಾಗಿ ಕೆರೆಯ ದಂಡೆಯವರೆಗೆ ನಡೆದು ಬರತೊಡಗಿದರು. ಊಟ ಹೊತ್ತು ಮುಳುಗುವ ಮೊದಲೇ ಮುಗಿಯುತ್ತಿತ್ತು, ಅದೂ ಬಾಯಿ ಪಿಟಕ್ಕೆನ್ನದೆ. ಗಂಡಸರು ಗುಟಕಾ ಉಗುಳುವ ಸದ್ದಿಗೆ ಹೆದರಿ ಗುಟಕಾವನ್ನೇ ಬಿಟ್ಟರು. ಕೆಳಗಿನ ಓಣಿಯ ಭೀಮಪ್ಪನ ಪಿಸುಮಾತೇ ಮೂರು ಮನೆಗೆ ಕೇಳುತ್ತಿತ್ತು. ಹಿರಿಯರು ಕೂತು ಬುದ್ಧಿ ಹೇಳಿ, ಬೀಗರು ಹೋಗುವ ತನಕ ಇರು ಎಂದು ಅವನನ್ನು ಮಗಳ ಊರಿಗೆ ಕಳಿಸಿಬಿಟ್ಟರು.

ಇದೆಲ್ಲ ನನ್ನ ಕಣ್ಣಿಗೆ ಬೀಳಲಿಲ್ಲವೇ ಎಂದು ನೀವು ಕೇಳಬಹುದು. ಬಿತ್ತು. ಶ್ರಾವಣ ಅಲ್ಲವೇ, ಜನ ಸ್ವಲ್ಪ ಮಡಿಯಲ್ಲಿದ್ದಾರೆ ಎಂದುಕೊಂಡೆ. ಓದಿದವರಿಗೆ ಎಲ್ಲಕ್ಕೂ ಒಂದು ಕಾರಣ ಬೇಗ ಹೊಳೆಯುತ್ತದೆ.

ದಸರೆಯ ಮರುದಿನ ಮಾದೇಶ ನನ್ನನ್ನು ಯಂತ್ರದ ಕೋಣೆಗೆ ಕರೆದ. ಹಳೆಯ ವಾಚನಾಲಯದ ಮೇಲಂತಸ್ತು ಅದು. ಪರದೆಯ ಮೇಲೆ ಎರಡು ಗೆರೆಗಳು ಒಂದರ ಮೇಲೊಂದು ಕೂತಿದ್ದವು, ಒಂದು ನಮ್ಮೂರಿನದು, ಇನ್ನೊಂದು ಅವಳಿಯದು. ಅಷ್ಟು ಚೆನ್ನಾಗಿ ಹೊಂದಿಕೊಂಡದ್ದನ್ನು ತಾನು ಯಾವ ಊರಲ್ಲೂ ನೋಡಿಲ್ಲ ಎಂದ. ಆದರೂ ಅವನ ಮುಖದಲ್ಲಿ ಕಳೆಯಿರಲಿಲ್ಲ.

"ಎಲ್ಲಿ ಸಿಕ್ತು? ಯಾವ ದೇಶದ ನೇಕಾರರು?" ಎಂದೆ.

"ನೇಕಾರ್ರಲ್ಲ ಮೇಡಂ. ಉತ್ತರ ಸಮುದ್ರದಾಗೆ ಒಂದು ದ್ವೀಪ. ಅಲ್ಲಿ ಒಂದು ಮಠ. ಕ್ರೈಸ್ತ ಸನ್ಯಾಸಿನೀರು ಇರೋದಂತೆ."

ನಾನು ಲೇಖನ ತೆಗೆದು ಓದಿದೆ. ಆ ತಾಯಂದಿರು ಮೌನವಾಗಿ ಊಟ ಮಾಡುತ್ತಾರೆ, ಹೊತ್ತಿಗೆ ಮೊದಲೇ ಮಲಗುತ್ತಾರೆ, ಸಂಜೆ ಸಾಲಾಗಿ ಕಡಲ ದಂಡೆಗೆ ನಡೆದು ಬರುತ್ತಾರೆ. ಸಿಹಿ ಮುಟ್ಟುವುದಿಲ್ಲ. ದೇಹ ಗಟ್ಟಿಮುಟ್ಟಾಗಿದ್ದರೂ ಮಾತಿಲ್ಲದೆ ಮನಸ್ಸು ಮುದುಡಿದೆ. ಅವರಿಗೆ ಸಂಶೋಧಕರು ಸೂಚಿಸಿದ ಕಾರ್ಯಕ್ರಮ ಹೀಗಿತ್ತು: ವಾರಕ್ಕೊಮ್ಮೆ ಎಲ್ಲರೂ ಸೇರಿ ಗಟ್ಟಿಯಾಗಿ ನಗಬೇಕು. ಮನಸ್ಸಿನಲ್ಲಿರುವುದನ್ನು ಎದುರಿಗೇ ಹೇಳಬೇಕು. ಸಣ್ಣಪುಟ್ಟ ಜಗಳಗಳಿಗೆ ಉತ್ತೇಜನ ಕೊಡಬೇಕು. ಕೊನೆಗೆ ಅದೇ ಸಾಲು, ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ.

"ಅಲ್ಲಾ ಮೇಡಂ, ನಿಮ್ಮೂರೋರು ಊಟ ಮಾಡೋವಾಗ ಮಾತೇ ಆಡಾಕಿಲ್ವಾ?" ಎಂದು ಮಾದೇಶ ಕೇಳಿದ.

ನನಗೇನೂ ತಿಳಿಯದಾಗಿತ್ತು. ನಿಯಮದ ಪ್ರಕಾರ ಫಲಿತಾಂಶವನ್ನು ಊರಿನ ಸಭೆಯಲ್ಲಿ ಓದಿ ಹೇಳಲೇಬೇಕು. ಮರುದಿನ ವಾಚನಾಲಯದ ಅಂಗಳ ತುಂಬಿತ್ತು. ಜನ ಹೊಸ ಬಟ್ಟೆ ಉಟ್ಟು, ಕೈಕಟ್ಟಿ, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ನಾನು ಓದಿದೆ. ಸನ್ಯಾಸಿನಿಯರು ಎಂದಾಗ ಒಬ್ಬರಿಬ್ಬರು ಕೆಮ್ಮಿದರು. ಗಟ್ಟಿಯಾಗಿ ನಗಬೇಕು ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಸೆರಗು ಬಾಯಿಗೆ ಒತ್ತಿಕೊಂಡರು. ಜಗಳಕ್ಕೆ ಉತ್ತೇಜನ ಎಂದು ಓದುತ್ತಿದ್ದಂತೆ ಅಂಗಳದ ಬಾಗಿಲಲ್ಲಿ ಗುಡುಗಿದಂಥ ದನಿ ಕೇಳಿತು.

"ಬೀಗರು ಹೋದ್ರೇನ್ರೋ? ಇನ್ನರ ಮಾತಾಡಬಹುದಾ ನಾ?"

ಭೀಮಪ್ಪ, ಕೈಯಲ್ಲಿ ಚೀಲ ಹಿಡಿದು, ಮಗಳ ಊರಿನಿಂದ ಬಂದು ಇಳಿದಿದ್ದ. ಅಷ್ಟೇ ಬೇಕಾಗಿತ್ತು. ಎರಡು ತಿಂಗಳಿಂದ ಕಟ್ಟಿಟ್ಟುಕೊಂಡಿದ್ದ ನಗು ಇಡೀ ಊರಿಗೆ ಒಮ್ಮೆಲೇ ಬಂತು. ಮುದುಕರು ಕಣ್ಣು ಒರೆಸಿಕೊಂಡು ನಕ್ಕರು. ಕಾರ್ಯಕ್ರಮದ ಮೊದಲನೆಯ ಸೂಚನೆ ಅಲ್ಲೇ ಜಾರಿಗೆ ಬಂತು ಎನ್ನಬೇಕು.

ಮನೆಗೆ ಬಂದು ನಾನು ಅತ್ತೆಯ ಮೇಲೆ ಹರಿಹಾಯ್ದೆ. "ಏನ್ ಮಾಡಿದ್ರಿ ಅತ್ತಿ ಇದು? ಯಂತ್ರ ನಮ್ಮನ್ನ ನೋಡಲೇ ಇಲ್ಲ. ಇಲ್ಲದಿರೋ ಊರಿಗೆ ಜೋಡಿ ಹುಡುಕಿ ಕೊಟ್ಟೈತಿ. ಈಗ ನಿಮ್ಮ ಕಾಲಿಗೆ ಲೇಖನ ಎಲ್ಲಿಂದ ತರ್ಲಿ?"

ಅತ್ತೆಗೆ ನಿಜಕ್ಕೂ ನೋವಾಯಿತು. "ಬೀಗರ ಮುಂದ ಯಾರರ ಇದ್ದಂಗ ಇರ್ತಾರೇನವಾ?" ಎಂದರು. "ನಿನ್ನ ನೋಡಾಕ ಬಂದಾಗ ನೀ ಏನ್ ಇದ್ದಂಗ ಇದ್ದಿ? ತಲಿ ಎತ್ತಿರ್ಲಿಲ್ಲ ನೀ. ಈಗ ನೋಡು, ಹ್ಯಾಂಗ ಒದರ್ತಿ."

ನನ್ನ ಗಂಡ ನೂಲಿಗೆ ಬಣ್ಣ ಹಾಕುವವರು, ಮನೆಯ ಮಾತಿನಲ್ಲಿ ತಲೆ ಹಾಕುವವರಲ್ಲ. ಅವರೂ ಒಳಗಿಂದ ನಕ್ಕದ್ದು ಕೇಳಿಸಿತು. ನನಗೆ ಮಾತ್ರ ಅಳು ಬಂದಿತ್ತು.

ಎರಡು ದಿನದ ನಂತರ ಡಾಕ್ಟರ್ ಫರ್ಜಾನಾ ನನ್ನ ಮೇಜಿನ ಮುಂದೆ ಬಂದು ನಿಂತರು. ಕಾರ್ಯಕ್ರಮ ಶುರುವಾಗುವ ಮೊದಲು ಊರಿನವರ ರಕ್ತ ಪರೀಕ್ಷೆ ಮಾಡಿಡುವುದು ವಾಡಿಕೆ. ಕಳೆದೆರಡು ಮೂರು ತಿಂಗಳು ಮೈಯಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತೆಂದು ಆ ಪರೀಕ್ಷೆ ಹೇಳುತ್ತದೆ. ಒಂದು ದಿನ ಉಪವಾಸ ಮಾಡಿ ಅದಕ್ಕೆ ಮೋಸ ಮಾಡಲಾಗುವುದಿಲ್ಲ.

"ನಮ್ಮ ಮಶೀನ್ ಕೆಟ್ಟೈತಿ ಸುವರ್ಣಾ," ಎಂದರು. "ಎಲ್ಲಾರದೂ ಇಳದೈತಿ ಅಂತ ತೋರಸ್ತೈತಿ. ಜಿಲ್ಲಾಕ್ಕ ಕಳಿಸಿ ಮತ್ತೊಮ್ಮೆ ಮಾಡಿಸಿದೆ. ಅಲ್ಲೀದೂ ಕೆಟ್ಟೈತೋ ಏನೋ, ಅದೂ ಹಂಗ ಹೇಳ್ತೈತಿ."

"ನಮ್ಮ ಅತ್ತೀದು?"

"ಅವರದೂ ಇಳದೈತಿ. ಗಾಯಾನೂ ಅರ್ಧಾ ಆಗೇತಿ. ಏನ್ ಔಷಧಾ ಕೊಟ್ರಿ ಅವರಿಗೆ?"

ಕೊಟ್ಟದ್ದೇನು? ಒಂದು ಉಪಮೆ. ಕನ್ಯೆ ನೋಡಲು ಬರುತ್ತಾರೆ ಎಂಬ ಒಂದು ಮಾತು.

ಓಡಿಹೋಗಿ ಯಂತ್ರದ ಮುಂದೆ ಕೂತು ನಾನೇ ಹುಡುಕಿದೆ. ಯಾರೋ ನೋಡುತ್ತಿದ್ದಾರೆ ಎಂಬ ಕಾರಣಕ್ಕೇ ಜನ ಆರೋಗ್ಯವಾಗಿದ್ದು ಎಲ್ಲಿಯಾದರೂ ಇದೆಯೇ ಎಂದು. ಸಾವಿರಾರು ಕಡೆ ಇತ್ತು! ಆದರೆ ಯಾವ ಲೇಖನದ ಶೀರ್ಷಿಕೆಯಲ್ಲೂ ಇಲ್ಲ, ಸಾರಾಂಶದಲ್ಲೂ ಇಲ್ಲ. ಎಲ್ಲ ಲೇಖನಗಳ ಕೊನೆಯಲ್ಲಿ 'ಈ ಅಧ್ಯಯನದ ಮಿತಿಗಳು' ಎಂದೊಂದು ಭಾಗವಿರುತ್ತದೆ, ನಾನು ಯಾವಾಗಲೂ ದಾಟಿಹೋಗುತ್ತಿದ್ದ ಭಾಗ. ಅಲ್ಲಿ ಎಲ್ಲರೂ ನಾಚಿಕೊಂಡು ಒಪ್ಪಿಕೊಂಡಿದ್ದರು. ನಾವು ಗಮನಿಸುತ್ತಿದ್ದೇವೆಂದು ತಿಳಿದು ಜನ ಚೆನ್ನಾಗಿ ನಡೆದುಕೊಂಡಿರಬಹುದು, ಆದ್ದರಿಂದ ನಮ್ಮ ಅಂಕಿಗಳನ್ನು ಪೂರ್ತಿ ನಂಬಬೇಡಿ, ಎಂದು. ಜನ ಚೆನ್ನಾಗಿ ನಡೆದುಕೊಂಡದ್ದನ್ನೇ ದೋಷವೆಂದು ಬಗೆದು ಮೂಲೆಗೆ ಗುಡಿಸಿದ್ದರು. ನನಗೆ ಬೇಕಾದ ಲೇಖನ ಒಂದೇ ಒಂದಾಗಿ ಎಲ್ಲಿಯೂ ಇರಲಿಲ್ಲ, ಎಲ್ಲ ಲೇಖನಗಳ ಬಾಲದಲ್ಲಿ ತುಂಡುತುಂಡಾಗಿ ಇತ್ತು.

"ಮಾದೇಶ, ಪೆಟ್ಟಿಗೆಗಳನ್ನ ಇಳಿಸಬೇಡ," ಎಂದೆ.

"ಬುಡಿ ಮೇಡಂ, ಇಳಿಸ್ಬೇಕು ಅಂತ ನಂಗೇನ್ ಆಸೆಯಾ? ಮುಂದಿನ ತಾಲೂಕ್ನೋರು ಕಾಯ್ತಾ ಅವ್ರೆ. ಇಲ್ಲಿನ ಫಲಿತಾಂಶ ತಪ್ಪು ಅಂತ ಬರ್ದು ಕಳಿಸ್ಬುಟ್ಟೆ." ಸ್ವಲ್ಪ ಯೋಚಿಸಿ, "ಖಾಲಿ ಪೆಟ್ಟಿಗೆ ಬೇಕಾದ್ರೆ ಬುಟ್ಟು ಹೋಗ್ತೀನಿ, ಒಳಗೇನೂ ಇರಾಕಿಲ್ಲ," ಎಂದ.

ಅತ್ತೆಯನ್ನು ಕೇಳಿದರೆ ಮೂಗು ಮುರಿದರು. "ಕಿವುಡ ಬೀಗರನ್ನ ಕಟ್ಟಿಕೊಂಡು ಏನ್ ಮಾಡೂದೈತಿ?"

ಪೆಟ್ಟಿಗೆಗಳು ಇಳಿದವು. ಅಂದೇ ಸಂಜೆ ಓಣಿಯ ಒಂದೊಂದು ಮನೆಯಿಂದಲೂ ಲೋಟದಲ್ಲಿ ಚಮಚ ಆಡುವ ಸದ್ದು ಕೇಳಿತು. ಹಬ್ಬದ ವಾದ್ಯದಂತೆ ಇತ್ತು ಅದು. ಕೆರೆಯ ದಂಡೆಗೆ ನಡೆಯುವವರು ಕಡಿಮೆಯಾದರು. ದೀಪಾವಳಿ ಬಂತು, ಕರಿಗಡಬು ಬಂತು. ಬೀಗರಿಗೆ ಹೆದರಿ ಅಟ್ಟ ಸೇರಿದ್ದ ಅತ್ತೆಯ ಬೆಲ್ಲದ ಕರದಂಟಿನ ಡಬ್ಬಿ ಕೆಳಗಿಳಿದು ಮಗ್ಗದ ಪಕ್ಕಕ್ಕೆ ಬಂದು ಕೂತಿತು. ನಾನು ಬೈದೆ, ಬೇಡಿದೆ, ಲೇಖನಗಳನ್ನು ಓದಿ ಹೇಳಿದೆ. ಸೊಸೆಯ ಮುಂದೆ ಯಾರಾದರೂ ನಾಚುತ್ತಾರೆಯೇ? ಹಬ್ಬ ಮುಗಿಯುವ ಹೊತ್ತಿಗೆ ಬೆರಳಿನ ಗಾಯ ಮತ್ತೆ ಬಾಯಿ ತೆರೆದಿತ್ತು. ಡಾಕ್ಟರು ದೊಡ್ಡ ದವಾಖಾನೆಯ ಹೆಸರು ಇನ್ನೊಮ್ಮೆ ಹೇಳಿದರು. ಅತ್ತೆ ಅಂದು ಮಗ್ಗದಲ್ಲಿ ಕೂತು ತುಳಿಯದೆ ಸುಮ್ಮನೆ ತಮ್ಮ ಪಾದ ನೋಡುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಅಳುತ್ತ ಕೂತೆ.

ಅಷ್ಟರಲ್ಲಿ ಒಂದು ಮಧ್ಯಾಹ್ನ ಮೇಲಿನ ಓಣಿಯ ಕಾಶವ್ವ ಕಾಲು ನೋಡಿ ಹೋಗಲು ಬಂದರು. ನಮ್ಮ ನಾದಿನಿಯನ್ನು ಕೊಟ್ಟಿರುವುದು ಅವರ ಮನೆಗೆ, ಅಂದರೆ ಅತ್ತೆಗೆ ಸಾಕ್ಷಾತ್ ಬೀಗತಿ. ಇಬ್ಬರ ನಡುವೆ ಮೇಲೆ ಬೆಣ್ಣೆಯಂಥ ಮಾತು, ಒಳಗೆ ಜಿದ್ದು.

"ಶಾಂತವ್ವಾರ, ಅದೀರೇನ್ರೀ?" ಎಂದು ಅವರ ದನಿ ಬಾಗಿಲಲ್ಲಿ ಕೇಳಿದ್ದೇ ತಡ, ಅತ್ತೆಯ ಕೈ ಮಿಂಚಿನಂತೆ ಹೋಗಿ ಕರದಂಟಿನ ಡಬ್ಬಿಯನ್ನು ಮಗ್ಗದ ಕುಣಿಯೊಳಗೆ ತಳ್ಳಿತು. ಬಾಯಲ್ಲಿದ್ದ ತುಂಡನ್ನು ಸೆರಗಿಗೆ ಉಗುಳಿದರು.

"ಬರ್ರಿ ಬರ್ರಿ ಬೀಗತ್ಯಾರ! ಸುವರ್ಣಾ, ಛಾ ಇಡು. ನನಗ ಸಕ್ಕರಿ ಬ್ಯಾಡ. ನಾ ಮುಟ್ಟಿ ಎಷ್ಟ್ ದಿನಾ ಆತು!"

"ನನಗೂ ಬ್ಯಾಡವಾ," ಎಂದರು ಕಾಶವ್ವ, ಬಿಟ್ಟಾರೆಯೇ? "ನಾವಂತೂ ಮನ್ಯಾಗ ಸಕ್ಕರಿ ತರೂದನ್ನ ಬಿಟ್ಟೇವಿ."

ಅವರ ಸೆರಗಿನ ತುದಿಯಲ್ಲಿ ಪೇಡೆಯ ಪುಡಿ ಅಂಟಿತ್ತು. ಇಬ್ಬರೂ ಸಕ್ಕರೆಯಿಲ್ಲದ ಚಹಾವನ್ನು ಅಮೃತವೆಂಬಂತೆ ಚಪ್ಪರಿಸಿ ಕುಡಿದರು. ನಾನು ತಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಹೊರಗಿನಿಂದ ಯಂತ್ರ ಯಾಕೆ ಬೇಕು? ಪರಸ್ಪರ ಹೆಣ್ಣು ಕೊಟ್ಟು ತಂದ ಊರಿದು. ಇಲ್ಲಿ ಪ್ರತಿ ಓಣಿಯೂ ಇನ್ನೊಂದು ಓಣಿಗೆ ಬೀಗರೇ. ಕಿವಿ, ಕಣ್ಣು, ಬಾಯಿ ಎಲ್ಲ ಇರುವ ಬೀಗರು!

ಮರುದಿನವೇ ನಾನೂ ಡಾಕ್ಟರೂ ಓಣಿ ಓಣಿ ಸುತ್ತಿದೆವು. ನಮ್ಮ ಯೋಜನೆ ಸರಳ. ವಾರಕ್ಕೊಂದು ಸಂಜೆ ಒಂದು ಓಣಿಯವರು ಇನ್ನೊಂದು ಓಣಿಗೆ ನಡೆದುಕೊಂಡು ಹೋಗಬೇಕು, ಗಾಡಿ ಹತ್ತುವಂತಿಲ್ಲ. ಹೋದವರು ಊಟಕ್ಕೆ ಕೂರಬೇಕು, ಅಡುಗೆ ನೋಡಬೇಕು, ಮೈ ಹೇಗಿದೆ ಎಂದು ವಿಚಾರಿಸಬೇಕು. ಮುಂದಿನ ವಾರ ಅವರು ಇವರಲ್ಲಿಗೆ. ಯಾರ ಮನೆಗೆ ಯಾರು ಬರುತ್ತಾರೆಂದು ಮೊದಲೇ ಹೇಳುವುದಿಲ್ಲ.

"ಇದಕ್ಕ ಯಾವ ಲೇಖನದ ಆಧಾರ ಐತಿ ಅಂತ ಮ್ಯಾಲಿನವರು ಕೇಳಿದ್ರ?" ಎಂದರು ಡಾಕ್ಟರು.

"ಎಲ್ಲಾ ಲೇಖನದ್ದೂ ಐತಿ," ಎಂದೆ. ಸಾವಿರಾರು ಲೇಖನಗಳ ಮಿತಿಗಳನ್ನು ಒಟ್ಟುಮಾಡಿ ಕಳಿಸಿದೆ. ಮೇಲಿನವರು ಓದಿದರೋ ಬಿಟ್ಟರೋ, ಅನುಮತಿಯಂತೂ ಬಂತು.

ಅದಾದ ಮೇಲಿನ ವಾರಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಕಾಶವ್ವನ ಓಣಿಯವರು ಬರುವ ವಾರ ಅತ್ತೆ ಬೆಳಿಗ್ಗೆಯೇ ಪಲ್ಯ ಸೋಸಲು ಕೂರುತ್ತಿದ್ದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಅಗಸಿ ಹಿಂಡಿ. ಬೀಗತಿ ಹುಳುಕು ಹುಡುಕುತ್ತಾಳೆಂದು ಕರದಂಟಿನ ಡಬ್ಬಿಯನ್ನು ಅವರೇ ಹೊರಗೆ ಸಾಗಿಸಿ ನನ್ನ ಕಚೇರಿಯಲ್ಲಿಟ್ಟರು. ಅದನ್ನು ನಾನೂ ಮಾದೇಶನೂ ಖಾಲಿ ಮಾಡಿದೆವು. ಹೌದು, ಮಾದೇಶ ರಜೆಯಿದ್ದಾಗಲೆಲ್ಲ ಬಂದುಬಿಡುತ್ತಿದ್ದ, ಊಟದ ಆಸೆಗೆ. ಕಾಶವ್ವ ದಿನಾ ಕೆರೆಯ ದಂಡೆಗೆ ಹೋಗುತ್ತಾರೆಂದು ಕೇಳಿ ಅತ್ತೆ ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ಹೊರಡಲು ನಿಂತರು. ಗಾಯ ಆರುವ ತನಕ ಕೂತಲ್ಲೇ ಕೈ ಆಡಿಸಿರಿ ಎಂದು ಡಾಕ್ಟರು ತಡೆಯಬೇಕಾಯಿತು. ಭೀಮಪ್ಪನ ದನಿಯೂ ಕೆಲಸಕ್ಕೆ ಬಂತು. ಯಾವ ಮನೆಯಲ್ಲಿ ಏನು ಬಡಿಸಿದರು ಎಂದು ಅವನು ತನ್ನ ಜಗಲಿಯಲ್ಲಿ ಕೂತು ಮಾತಾಡಿದರೆ ನಾಲ್ಕು ಓಣಿಗೆ ಸುದ್ದಿ ಮುಟ್ಟುತ್ತಿತ್ತು.

ಮೊದಲು ನಾಟಕವಾಗಿಯೇ ಇತ್ತು. ಆದರೆ ವಾರ ವಾರ ಅದೇ ನಾಟಕ ಆಡಿದರೆ ಬಣ್ಣ ಮೈಗೆ ಇಳಿಯುತ್ತದೆ. ಒಂದು ದಿನ ನಾನು ಮರೆತು ಅತ್ತೆಯ ಚಹಾಕ್ಕೆ ಸಕ್ಕರೆ ಹಾಕಿದ್ದೆ. ಮನೆಯಲ್ಲಿ ಬೀಗರು ಯಾರೂ ಇರಲಿಲ್ಲ. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿ, "ಏನಿದು ಪಾನಕಾ?" ಎಂದು ಲೋಟ ಕೆಳಗಿಟ್ಟರು. ಇಟ್ಟ ಮೇಲೆ ಅವರೇ ಬೆರಗಾಗಿ ನನ್ನ ಮುಖ ನೋಡಿದರು.

ಸಂಕ್ರಾಂತಿಯ ಮುನ್ನಾದಿನ ಡಾಕ್ಟರು ಪಟ್ಟಿ ಬಿಚ್ಚಿದರು. ಕೆಳಗೆ ಹೊಸ ಚರ್ಮ, ಎಳೆ ಮಗುವಿನದಂತೆ ಕೆಂಪಗೆ. ಅವರು ಬೆರಳನ್ನು ಒತ್ತಿ, ತಿರುಗಿಸಿ, ಮತ್ತೆ ಒತ್ತಿ ನೋಡಿದರು.

"ಶಾಂತವ್ವಾರ, ಕಾಲು ನಿಮ್ಮದ ಐತಿ. ತಗೊಂಡು ಮನೀಗೆ ನಡೀರಿ," ಎಂದರು.

ಅತ್ತೆ ಡಾಕ್ಟರ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಮನೆಗೆ ಬಂದವರೇ ಮಗ್ಗಕ್ಕಿಳಿದು ತುಳಿಯತೊಡಗಿದರು. ಲಾಳಿ ಅತ್ತಿಂದಿತ್ತ ಓಡಿತು. ನಾನು ಹೊಸ್ತಿಲಲ್ಲಿ ಕೂತು ಆ ಸದ್ದನ್ನು ಹೊಟ್ಟೆ ತುಂಬ ಕೇಳಿದೆ.

ಇನ್ನು ಉಳಿದದ್ದು ಲೇಖನ. ಮುಂದೆ ಯಾರಾದರೂ ನನ್ನಂತೆ ಹುಡುಕುತ್ತ ಕೂತರೆ ಅವರಿಗೆ ಸಿಗಲೆಂದು ನಾನೂ ಡಾಕ್ಟರೂ ಕೂಡಿ ಬರೆದೆವು. ನೋಡುವವರಿದ್ದರೆ ಜನ ಚೆನ್ನಾಗಿರುತ್ತಾರೆ ಎಂಬುದನ್ನು ಮಿತಿಗಳ ಭಾಗದಿಂದ ಎತ್ತಿ ಶೀರ್ಷಿಕೆಯಲ್ಲೇ ಕೂರಿಸಿದೆವು. ಮುಗಿದ ಮೇಲೆ ಅತ್ತೆಗೆ ಓದಿ ಹೇಳಿದೆ. ಎಲ್ಲವನ್ನೂ ಒಪ್ಪಿದರು, ಕೊನೆಯ ಸಾಲೊಂದನ್ನು ಬಿಟ್ಟು.

"ಇನ್ನೂ ಹೆಚ್ಚಿನ ಸಂಶೋಧನೆ ಅಗತ್ಯ ಅಂದ್ರ ಏನು? ಬರ್ರಿ ಅಂತ ಕರೀಬೇಕೋ ಬ್ಯಾಡೋ? ಬಂದವರನ್ನ ಬಾಗಲ್ದಾಗ ನಿಲ್ಲಿಸಿ ಮಾತಾಡಿದಂಗಾತು."

ಅವರು ಹೇಳಿದಂತೆಯೇ ತಿದ್ದಿದೆ: 'ಹೆಚ್ಚಿನ ಸಂಶೋಧನೆ ಮಾಡಬೇಕೆನ್ನುವವರು ಅವಶ್ಯವಾಗಿ ನಮ್ಮೂರಿಗೆ ಬರಬೇಕು. ಊಟಕ್ಕೆ ಇರಬೇಕು.' ಪತ್ರಿಕೆಯ ಸಂಪಾದಕರು ಆ ಸಾಲನ್ನು ತೆಗೆಯಿರಿ ಎಂದರು. ಅತ್ತೆ ಒಪ್ಪಲಿಲ್ಲ. ಲೇಖನ ಎರಡು ಸಲ ಹೋಗಿ ಬಂದು ಕೊನೆಗೆ ಆ ಸಾಲಿನೊಂದಿಗೇ ಅಚ್ಚಾಯಿತು.

ಮಳೆಗಾಲದ ಹೊತ್ತಿಗೆ ಒಂದು ಮಧ್ಯಾಹ್ನ ಅದಕ್ಕೆ ಉತ್ತರ ಬಂತು. ಬರೆದವರು ಆ ದ್ವೀಪದ ಮಠದ ತಾಯಂದಿರು: 'ಯಾವುದೋ ಯಂತ್ರ ನಮ್ಮನ್ನು ನಿಮ್ಮ ಅವಳಿಯೆಂದು ಹೇಳಿತ್ತಂತೆ, ಲೇಖನ ಓದಿ ತಿಳಿಯಿತು. ನಕ್ಕು ಬಹಳ ವರ್ಷವಾಗಿತ್ತು, ಓದುವಾಗ ಎಲ್ಲರೂ ನಕ್ಕೆವು. ನಮಗೆ ಜಗಳವಾಡಿ ಎಂದು ಯಾರೋ ಹಿಂದೆ ಬರೆದುಕೊಟ್ಟಿದ್ದರು, ಹೇಗೆಂದು ಮಾತ್ರ ತಿಳಿಸಿರಲಿಲ್ಲ. ಊಟಕ್ಕೆ ಕರೆದಿದ್ದೀರಿ, ಐದು ಮಂದಿ ಬರುತ್ತಿದ್ದೇವೆ.'

ನಾನು ಮಗ್ಗದ ಪಕ್ಕ ನಿಂತು ಓದಿ ಹೇಳಿದೆ. ಅತ್ತೆ ಲಾಳಿ ನಿಲ್ಲಿಸಿ, ಎರಡೂ ಕಾಲೂರಿ ಕುಣಿಯಿಂದ ಎದ್ದು, ಸೀದಾ ಕಸಬರಿಗೆ ಎತ್ತಿಕೊಂಡರು. ಬಾಗಿಲವರೆಗೆ ಹೋದವರು ಏನೋ ನೆನಪಾಗಿ ತಿರುಗಿದರು.

"ಸುವರ್ಣಾ, ಭೀಮಪ್ಪಗ ಈಗ ಹೇಳಿ ಕಳಸು. ಈ ಸಲ ಊರು ಬಿಟ್ಟು ಹೋಗೂದು ಬ್ಯಾಡ ಅಂತ."